ದಬ್ಬ ಬದೆಯ ದೆಗಡಿ

23 ಜುಲೈ 2025, ಬುಧವಾರ
ವಡಗಾವಿ, ಬೆಳಗಾವಿ. ರಾತ್ರಿ 11.20

ಮಳೆ ನಿಂತಿಲ್ಲ. ಮಳೆ ಅನ್ನುವಷ್ಟೂ ಇಲ್ಲ, ಬರೀ ಜಿಟಿಜಿಟಿ. ಗೋಡೆಗೆ ಕೈ ಹಚ್ಚಿದರೆ ಹಸಿ, ಹಗ್ಗದ ಮೇಲಿನ ಅರಿವೆ ನಾಲ್ಕು ದಿನದಿಂದ ಹಸಿ. ನನ್ನ ಮೂಗು ಕಟ್ಟಿ ಇವತ್ತಿಗೆ ಎಂಟು ದಿನ.

ಇವತ್ತು ಅವ್ವನಿಗೆ ಬೈದೆ. ಅದನ್ನು ಬರೆಯಲೆಂದೇ ಕೂತದ್ದು. ಆದರೆ ಮುಂಜಾನೆಯದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ.

ಐದನೇ ವರ್ಗಕ್ಕೆ ವರ್ಗೀಯ ವ್ಯಂಜನದ ಪಾಠ ಇತ್ತು. ಮುಂದಕ್ಕೆ ಹಾಕಬಹುದಿತ್ತು. ಮೂಗು ಕಟ್ಟಿದಾಗಲೇ ಅನುನಾಸಿಕ ಕಲಿಸಲು ಹೊರಟವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಹಲಗೆಯ ಮೇಲೆ ಙ ಞ ಣ ನ ಮ ಬರೆದು, "ಇವು ಐದೂ ಮೂಗಿನಿಂದ ಬರೋ ಅಕ್ಷರ, ನನ್ನ ಹಿಂದ ಹೇಳ್ರಿ" ಅಂದೆ. ನನ್ನ ಬಾಯಿಂದ ಬಂದದ್ದು ದ ಮತ್ತು ಬ. ಮೊದಲ ಬೆಂಚಿನ ಹುಡುಗಿ ಎದ್ದು ನಿಂತು, "ಟೀಚರ್‍ರೀ, ನ ಬರದು ದ ಅನ್ನಾಕತ್ತೀರಿ" ಅಂದಳು. ಹಂಗಾದರೆ ಉದಾಹರಣೆ ಕೊಡೋಣ ಅಂತ "ನಮ್ಮ ಮನೆ" ಅಂದೆ. "ದಬ್ಬ ಬದೆ" ಆಯಿತು. ವರ್ಗ ಇಡೀ ಬಿದ್ದು ಬಿದ್ದು ನಕ್ಕಿತು. ಆಮೇಲೆ ಎಲ್ಲರಿಗೂ ಮೂಗು ಹಿಡಿದುಕೊಂಡು ಅದನ್ನೇ ಹೇಳಲು ಹೇಳಿದೆ. ಮೂವತ್ತೆಂಟು ಮಂದಿ ಒಮ್ಮೆಲೇ ದಬ್ಬ ಬದೆ, ದಬ್ಬ ಬದೆ. ಪಕ್ಕದ ಖೋಲಿಯ ಸರ್ ಬಂದು ಇಣುಕಿ ಹೋದರು. ಹದಿನಾರು ವರ್ಷದ ನೌಕರಿಯಲ್ಲಿ ಅನುನಾಸಿಕವನ್ನು ಇಷ್ಟು ಚಲೋ ಕಲಿಸಿದ್ದು ಇದೇ ಮೊದಲು.

ಹಲಗೆಯ ಕೆಳಗಿನ ಸಾಲು ಬರೆಯಲು ಬಗ್ಗಿದಾಗ ಮಾತ್ರ ನಗು ಹೋಯಿತು. ಎಡಗೆನ್ನೆಯ ಒಳಗೆ ಏನೋ ಭಾರದ್ದು ಮುಂದಕ್ಕೆ ಉರುಳಿ ಬಂದು ಎಲುಬಿಗೆ ಒತ್ತಿ ನಿಂತಂತೆ. ಮೇಲಿನ ದವಡೆ ಹಲ್ಲೂ ಜೊತೆಗೆ ನೋಯುತ್ತದೆ. ಹೋದ ವಾರ ಇದು ಹಲ್ಲುನೋವೇ ಅಂದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಒಂದೊಂದೇ ಹಲ್ಲು ಬಡಿದು ನೋಡಿ, ಹಲ್ಲು ಚಲೋ ಅದಾವು, ಮೂಗು ತೋರಿಸ್ರಿ ಅಂದರು. ಮೇಲಿನ ದವಡೆ ಹಲ್ಲಿನ ಬೇರು ಸೈನಸ್ಸಿನ, ಅಂದರೆ ಕೆನ್ನೆಯ ಎಲುಬಿನೊಳಗಿನ ಪೊಳ್ಳಿನ, ನೆಲಕ್ಕೆ ಅಷ್ಟು ಸಮೀಪ ಇರುತ್ತದಂತೆ.

ನಾನು ಮೂಗಿನ ಡಾಕ್ಟರ ಹತ್ತಿರ ತಕ್ಷಣ ಹೋಗಲಿಲ್ಲ, ಎಣ್ಣೆಗೆ ಹೋದೆ. ಸಾಲಿಯ ಗಣಿತದ ಟೀಚರು ಊಟಿಯಿಂದ ತಂದುಕೊಟ್ಟ ನೀಲಗಿರಿ ಎಣ್ಣೆಯ ಬಾಟಲಿ ಕಪಾಟಿನಲ್ಲಿತ್ತು. (ಊಟಿಗೆ ಹೋದವರು ಚಾಕ್ಲೇಟ್ ಮನೆಗೆ ಇಟ್ಟುಕೊಂಡು ಎಣ್ಣೆ ಊರಿಗೆ ಹಂಚುತ್ತಾರೆ.) ಕುದಿಯುವ ನೀರಿಗೆ ಎರಡು ಹನಿ ಹಾಕು ಅಂದಿದ್ದಳು. ಎರಡು ಹನಿಯಿಂದ ಏನಾದೀತು ಅಂತ ಅರ್ಧ ಮುಚ್ಚಳ ಸುರಿದು, ಚಾದರ ಹೊದ್ದು ಮುಖ ಇಟ್ಟೆ. ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು. ಚಾದರ ಒಗೆದು ಏಳುವಾಗ ಮೊಳಕಾಲು ಪಾತ್ರೆಗೆ ತಾಗಿ ಕುದಿನೀರು ಒಂದು ಗೇಣು ಅಂತರದಲ್ಲಿ ಚೆಲ್ಲಿತು. ಆದರೂ ಚಟ ಬಿಡಲಿಲ್ಲ. ಕರವಸ್ತ್ರಕ್ಕೆ ಎರಡು ಹನಿ ಹಾಕಿಕೊಂಡು ಸ್ಟಾಫ್ ರೂಮಿನಲ್ಲಿ ದಿನವೆಲ್ಲ ಮೂಸುತ್ತ ಕೂತೆ. ಓಣಿಯ ಔಷಧದಂಗಡಿಯವನು ಕೇಳದೇ ಕೊಟ್ಟ ಆಂಟಿಬಯೋಟಿಕ್ ಮೂರು ದಿನ ನುಂಗಿದೆ. ಅವನೇ ಕೊಟ್ಟ ಮೂಗಿನ ಡ್ರಾಪ್ಸನ್ನು ಆರು ದಿನ ಬಿಟ್ಟುಕೊಂಡೆ.

ನಿನ್ನೆ ಕೊನೆಗೂ ಕಾಲೇಜ್ ರೋಡಿನ ಡಾಕ್ಟರ ಹತ್ತಿರ ಹೋದೆ. ಅವರು ಚೀಟಿಯ ಹಿಂಬದಿಗೆ ಒಂದು ಮುಖ ಬರೆದರು. ಕೆನ್ನೆಯ ಹಿಂದೆ ಒಂದು ಚೌಕ.

"ಈ ಖೋಲಿಗೆ ಬಾಗಲಾ ಎಲ್ಲೈತಿ ಹೇಳ್ರಿ ಟೀಚರ್ರ?"

ಕೆಳಗೆ ಇರಬೇಕು ಅಂದೆ.

"ಇಲ್ಲ. ಮಾಳಿಗಿ ಹತ್ರ ಐತಿ. ಒಳಗಿನ ಸಣ್ಣ ಸಣ್ಣ ಎಳಿ ಸಿಂಬಳಾ ಮ್ಯಾಲಕ್ಕ ಗುಡಿಸಿ ಗುಡಿಸಿ ಹೊರಗ ಹಾಕಬೇಕು. ಆ ಬಾಗಲಾ ಬಾತರ ಒಳಗ ಕೆರಿ ತುಂಬಿದಂಗ."

ಹಾಗಾದರೆ ಎಣ್ಣೆ ಮೂಸಿದ ಕೂಡಲೇ ಮೂಗು ಬಿಚ್ಚುತ್ತದಲ್ಲ ಅಂದೆ. ಡಾಕ್ಟರು ನಕ್ಕರು. "ಬಿಚ್ಚೂದಿಲ್ರಿ, ಬಿಚ್ಚಿದಂಗ ಅನಸ್ತೈತಿ." ಪುದೀನದ ಮೆಂಥಾಲ್ ಮೂಗಿನೊಳಗೆ ತಂಪು ತಿಳಿಸುವ ನರವನ್ನು ಎಬ್ಬಿಸುತ್ತದೆ. ತಣ್ಣನೆಯ ಗಾಳಿ ಬಂತು ಅಂತ ಮಿದುಳು ನಂಬುತ್ತದೆ. ಯಂತ್ರ ಹಚ್ಚಿ ಅಳೆದರೆ ಗಾಳಿ ಮೊದಲಿನಷ್ಟೇ. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಅನ್ನುವ ಸತ್ವ ಸ್ವಲ್ಪ ಬೇರೆ. ಅದನ್ನು ಶುದ್ಧ ಮಾಡಿ, ಅಳತೆಯ ಗುಳಿಗೆ ಮಾಡಿ ಜರ್ಮನಿಯಲ್ಲಿ ಸೈನಸ್ಸಿಗೆ ಕೊಡುತ್ತಾರೆ, ಕೆಲವರಿಗೆ ಬೇಗ ಕಡಿಮೆ ಆದದ್ದು ಕಂಡಿದೆ. "ಅಂದಮ್ಯಾಲ ಬಾಟ್ಲಿ ಎಣ್ಣಿ ಚಮಚಾದಾಗ ಹಾಕ್ಕೊಂಡು ಕುಡಿಯಾಕ ಹೋಗಬ್ಯಾಡ್ರಿ ಮತ್ತ. ಒಂದು ಚಮಚಾ ಸಾಕು, ಫಿಟ್ಸ್ ಬರತಾವು."

ಆಂಟಿಬಯೋಟಿಕ್ ಸುದ್ದಿ ಹೇಳಿದಾಗ ಮಾತ್ರ ನಗು ನಿಂತಿತು. ಇಂಥವು ಬಹಳಷ್ಟು ವೈರಸ್ಸಿನವು, ತಾವೇ ಹೋಗುತ್ತವೆ. ಹತ್ತು ದಿನ ದಾಟಿದರೂ ಕಡಿಮೆ ಆಗದಿದ್ದರೆ, ಇಲ್ಲವೇ ಕಡಿಮೆ ಆಗಿ ಮತ್ತೆ ಜೋರಾದರೆ, ಇಲ್ಲವೇ ದೊಡ್ಡ ಜ್ವರ ಬಂದು ಮುಖ ನೋಯುತ್ತಿದ್ದರೆ ಆಗ ನೋಡೋಣ. ಕಣ್ಣು ಬಾತರೆ, ಕುತ್ತಿಗೆ ಬಗ್ಗದಿದ್ದರೆ ಹತ್ತು ದಿನ ಕಾಯಬಾರದು, ಓಡಿ ಬರಬೇಕು. ಡ್ರಾಪ್ಸ್ ಮೂರು ದಿನಕ್ಕಿಂತ ಹೆಚ್ಚು ಹಾಕಿದ್ದಕ್ಕೇ ಮೂಗು ಈಗ ಡ್ರಾಪ್ಸ್ ಬೇಡಿ ಕಟ್ಟುತ್ತಿದೆ, ಬಿಡಬೇಕು. ಮಾಡಬೇಕಾದದ್ದು ಉಪ್ಪುನೀರಿನಿಂದ ಮೂಗು ತೊಳೆಯುವುದು: ದೊಡ್ಡ ಲೋಟ ನೀರಿಗೆ ಅರ್ಧ ಸಣ್ಣ ಚಮಚ ಉಪ್ಪು. ನೀರು ಕುದಿಸಿ ಆರಿಸಿದ್ದೇ ಇರಬೇಕು. ನಳದ ಹಸಿ ನೀರಿನಲ್ಲಿ ಅಪರೂಪಕ್ಕೆ ಇರುವ ಅಮೀಬಾ ಮೂಗಿನಿಂದ ನೇರ ಮಿದುಳಿಗೆ ಹೋದರೆ ಉಳಿಯುವುದು ಕಷ್ಟ.

ಇಷ್ಟೆಲ್ಲ ಹೊಸದಾಗಿ ತಲೆಯಲ್ಲಿ ತುಂಬಿಕೊಂಡಿದ್ದೆ. ಅದೇ ಗರ್ವ ಇವತ್ತು ಸಂಜೆ ಕೆಲಸ ಮಾಡಿದ್ದು.

ತಂಗಿ ಪಂಚಮಿಗೆ ಬಂದಿದ್ದಾಳೆ. ಅಮಾಸಿ ಮುಂಚೆಯೇ ಬರುತ್ತೇನೆ ಅಂತ ಸೋಮವಾರ ವಿಜಯಪುರದಿಂದ ಕೂಸನ್ನು ಕರಕೊಂಡು ಬಂದಳು. ಆ ಒಣ ಗಾಳಿಯಲ್ಲಿ ಇದ್ದ ಒಂಬತ್ತು ತಿಂಗಳ ಕೂಸು ನಮ್ಮ ಈ ಥಂಡಿಗೆ ಬಂದು ಎರಡನೇ ದಿನಕ್ಕೇ ಗೊರಗೊರ ಅನ್ನತೊಡಗಿತು. ಅಥವಾ ನನ್ನಿಂದಲೇ ಹತ್ತಿತೋ. ಆ ವಿಚಾರ ಬೇಡ.

ಐದು ಗಂಟೆಗೆ ಮನೆಗೆ ಬಂದೆ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಮಗ್ಗುಲಲ್ಲಿ ಅವಳ ಅಮೃತಧಾರಾ ಬಾಟಲಿ. ರವಿವಾರ ಪೇಟೆಯಿಂದ ಕರ್ಪೂರ, ಅಜವಾನದ ಹೂವು, ಪುದೀನದ ಹೂವು ತಂದು ತಾನೇ ಮಾಡುತ್ತಾಳೆ. ಸಣ್ಣವಳಿದ್ದಾಗ ನನಗೆ ಅದೊಂದು ಜಾದೂ. ಹೆಸರಿಗೆ ಹೂವು, ಮೂರೂ ಒಣ ಹರಳು. ಒಂದು ಹನಿ ನೀರಿಲ್ಲ. ಬಾಟಲಿಗೆ ಹಾಕಿ ಅಲುಗಾಡಿಸುತ್ತ ಹೋದರೆ ಹರಳಿನ ಅಂಚು ಮೊದಲು ಒದ್ದೆಯಾಗಿ, ಆಮೇಲೆ ಒಂದಕ್ಕೊಂದು ಅಂಟಿ, ನೋಡನೋಡುತ್ತಿದ್ದಂತೆ ಕರಗಿ ಎಣ್ಣೆಯಾಗುತ್ತದೆ. ಬೇರೆ ಬೇರೆ ಇದ್ದರೆ ಕರಗದವು ಕೂಡಿದರೆ ಕರಗುತ್ತವೆ.

ಅವ್ವ ತೋರುಬೆರಳಿಗೆ ಅದನ್ನು ಹಚ್ಚಿಕೊಂಡು ಕೂಸಿನ ಮೂಗಿನ ಕೆಳಗೆ ತರುತ್ತಿದ್ದಳು.

"ಯವ್ವಾ! ಏನ್ ಮಾಡಾಕತ್ತೀ ಬೇ! ಕೂಸಿನ ಕೊಲ್ಲಾಕಿ ಅದೀ ಏನು?"

ಅಷ್ಟು ಜೋರಾಗಿ ನನ್ನ ಧ್ವನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಕೂಸು ಬೆಚ್ಚಿ ಅಳಲು ಹತ್ತಿತು. ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ನಾನು ಚೀಲ ಸಹ ಇಳಿಸದೇ ಭಾಷಣ ಸುರು ಮಾಡಿದೆ. ಎರಡು ವರ್ಷದ ಒಳಗಿನ ಮಕ್ಕಳಿಗೆ ಕರ್ಪೂರ ಹಚ್ಚಬಾರದು, ಬಾಯಿಗೆ ಹೋದರೆ ಫಿಟ್ಸ್ ಬರುತ್ತದೆ, ಮೂಗಿನ ಹತ್ತಿರ ಪುದೀನ ತಂದರೆ ಸಣ್ಣ ಕೂಸು ಉಸಿರು ಹಿಡಿದುಬಿಡುತ್ತದೆ. ಇದಕ್ಕಿನ್ನೂ ಹಣೆಯ ಸೈನಸ್ಸೇ ಆಗಿಲ್ಲ, ಯಾವುದನ್ನು ಬಿಚ್ಚಲು ಹೊರಟಿದ್ದೀ ಅಂತ ಕೂಡ ಅಂದೆ ಅನಿಸುತ್ತದೆ. ಸುಳ್ಳು ಒಂದೂ ಹೇಳಲಿಲ್ಲ.

"ನಿನಗೂ ಹಚ್ಚೀನಿ, ಅಕಿಗೂ ಹಚ್ಚೀನಿ. ಸತ್ತೀರೇನು?"

"ಆವಾಗ ಗೊತ್ತಿರಲಿಲ್ಲ ಬೇ."

"ಹಿಂದಿನವರಿಗೆ ಏನೂ ಗೊತ್ತಿರಲಿಲ್ಲ, ನಿಮಗ ಎಲ್ಲಾ ಗೊತ್ತೈತಿ." ಕೂಸನ್ನು ನನ್ನ ಕೈಗೆ ಕೊಟ್ಟು ಮೊಳಕಾಲಿಗೆ ಕೈ ಊರಿ ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊರಳಿ ನೋಡಿದಳು. "ಅಕಿ ಮಷೀನಿನಾಗೂ ಅದ ಎಣ್ಣಿನ ಐತಿ. ರಾತ್ರಿ ಪೂರ್ತಿ ಕೂಸಿನ ತಲಿ ಕಡಿ ಹೊಗಿ ಬಿಡತೈತಿ. ಅದಕ ಏನೂ ಅನಲಿಲ್ಲ ನೀ. ನನಗ ಅಂದಿ."

ನಾನು ಬಾಯಿ ತೆರೆದೆ. ಮೂಗು ಕಟ್ಟಿದವರ ಬಾಯಿ ಹೆಂಗೂ ತೆರೆದೇ ಇರುತ್ತದೆ.

ತಂಗಿಯ ಡಿಫ್ಯೂಸರ್. ಬಿಳಿ, ಮೊಟ್ಟೆಯಾಕಾರದ್ದು, ಕೆಳಗೆ ನೀಲಿ ದೀಪ. ಬಂದ ರಾತ್ರಿಯೇ ಅದನ್ನು ಹಚ್ಚಿ, "ಅಕ್ಕಾ, ಎಸೆನ್ಶಿಯಲ್ ಆಯಿಲ್, ಪ್ಯೂರ್, ಆನ್‌ಲೈನ್ ತರಿಸೀನಿ, ನಿನ್ನ ಸೈನಸ್ಸಿಗೂ ಚಲೋ" ಅಂದಿದ್ದಳು. ನಾನು ಹತ್ತಿರ ಕೂತು ಮೂಸಿಯೂ ಇದ್ದೆ. ಈಗ ಹೋಗಿ ಆ ಕಂದು ಬಣ್ಣದ ಪುಟ್ಟ ಬಾಟಲಿ ಹೊರಳಿಸಿ ಓದಿದೆ: ಪೆಪ್ಪರ್‌ಮಿಂಟ್, ಯೂಕಲಿಪ್ಟಸ್. ಅಂದರೆ ಪುದೀನ, ನೀಲಗಿರಿ. ಹತ್ತು ಮಿಲಿಗೆ ಐನೂರಾ ಎಂಬತ್ತು ರೂಪಾಯಿ. ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ನನಗೆ ಅದು ಎಣ್ಣೆ ಅಂತ ಕಾಣಲೇ ಇಲ್ಲವೇ? ಅವ್ವನದು ಹಳೆಯ ಟಾನಿಕ್ ಬಾಟಲಿಯಲ್ಲಿ ಇದ್ದುದಕ್ಕೆ ಕೊಲೆ ಆಯಿತೇ? ಹಿಂದಿನವರದು ಅಂತ ಅವ್ವನೂ ಅನ್ನುತ್ತಾಳೆ, ತಂಗಿಯ ಬಾಟಲಿಯ ಮೇಲೂ ಪ್ರಾಚೀನ ಜ್ಞಾನ ಅಂತ ಬರೆದಿದೆ. ನೀಲಗಿರಿ ಮರ ಆಸ್ಟ್ರೇಲಿಯಾದ್ದು. ಊಟಿಯ ಗುಡ್ಡಕ್ಕೆ ಬ್ರಿಟಿಷರು ತಂದು ಹಚ್ಚಿದ್ದು 1843ರ ಸುಮಾರಿಗೆ. ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೆ ಅದರ ಹೆಸರೂ ಗೊತ್ತಿರಲಿಕ್ಕಿಲ್ಲ.

ತಂಗಿಗೆ ಹೇಳಬೇಕು ಅಂತ ಹೋದೆ. ಅವಳು ಫೋನಿನಲ್ಲಿ ಗಂಡನ ಜೊತೆ ಜಗಳ ಆಡುತ್ತಿದ್ದಳು. ಹೊರಳಿ ಬಂದೆ. ಅವ್ವನಿಗೆ ಆದರೆ ಚೀಲ ಇಳಿಸುವಷ್ಟೂ ತಡೆದಿರಲಿಲ್ಲ ನಾನು.

ಕೂಸಿಗೆ ಉಪ್ಪುನೀರಿನ ಡ್ರಾಪ್ಸ್ ತಂದು ಎರಡೆರಡು ಹನಿ ಬಿಟ್ಟೆ. ಸೀನಿತು. ಉದ್ದನೆಯ ಸಿಂಬಳ ನನ್ನ ಸೀರೆಯ ಮೇಲೆ. ಮೊಲೆ ಕುಡಿದು ಮಲಗಿತು. ಅಷ್ಟೇ ಬೇಕಾಗಿದ್ದದ್ದು.

ಅವ್ವ ಊಟಕ್ಕೆ ಏಳಲಿಲ್ಲ. ಹಸಿವಿಲ್ಲ ಅಂದಳು. ಉಂಡಿಗೆ ಶೇಂಗಾ ಹುರಿಯಲು ಕೂತಿದ್ದಳು, ಹಬ್ಬ ಇನ್ನೂ ಆರು ದಿನ ಇರುವಾಗಲೇ. ಸಿಟ್ಟು ಬಂದಾಗ ಅವಳು ಹೀಗೆ ಏನಾದರೂ ಹುರಿಯುತ್ತಾಳೆ. ನಡುವೆ ಹಿತ್ತಲ ಕಡೆ ಹೋಗುತ್ತ, ನನ್ನ ಮುಖ ನೋಡದೇ, "ಕಡಾಯಿ ಕಡೆ ಲಕ್ಷ್ಯ ಇರಲಿ" ಅಂದಳು. ಎದುರಿಗೇ ಕೂತಿದ್ದೆ. ಸೌಟು ಕೈಯಲ್ಲೇ ಇತ್ತು. ತಂಗಿಗೆ ಹೇಗೆ ಹೇಳಬೇಕು ಅಂತ ವಿಚಾರ ಮಾಡುತ್ತಿದ್ದೆ. ಅವ್ವ ಓಡಿಬಂದು ಒಲೆ ಆರಿಸಿದಾಗ ನೋಡಿದೆ, ಶೇಂಗಾ ಕರ್ರಗೆ. ಹೊಗೆ ಮೇಲೆ ಎದ್ದಿದೆ. ನನಗೆ ವಾಸನೆಯೇ ಬಂದಿರಲಿಲ್ಲ.

ಬೈಯುತ್ತಾಳೆ ಅಂದುಕೊಂಡೆ. ಸೌಟು ಕಸಿದುಕೊಂಡು, ಒಂದು ಕಾಳು ತಿಕ್ಕಿ ಸಿಪ್ಪೆ ಊದಿ, ನನ್ನ ಮೂಗಿನ ಹತ್ತಿರ ಹಿಡಿದಳು.

"ಇದೂ ಬರವಲ್ತೇನು?"

"ಇಲ್ಲ ಬೇ."

"ಎಷ್ಟು ದಿನಾತು?"

"ನಾಲ್ಕು."

"ಹೇಳಬಾರದೇನು." ಸುಟ್ಟ ಶೇಂಗಾ ಮೊರಕ್ಕೆ ಸುರಿದಳು. ಮತ್ತೆ ಹೊಸದಾಗಿ ಹುರಿಯಲು ಇಟ್ಟಳು. ಊಟ ಮಾತ್ರ ಮಾಡಲಿಲ್ಲ.

ಹತ್ತೂವರೆಗೆ ತಂಗಿಯ ಖೋಲಿಯ ಬಾಗಿಲ ಕೆಳಗೆ ನೀಲಿ ಬೆಳಕು ಕಂಡಿತು. ಮೆಲ್ಲಗೆ ಒಳಗೆ ಹೋಗಿ ಮಷೀನಿನ ವೈರ್ ಕಿತ್ತೆ. ಮಷೀನ್ ಎತ್ತಿಕೊಂಡು ಹೊರಗೆ ತಂದು ಕಪಾಟಿನ ಮೇಲಿನ ಖಣದಲ್ಲಿ ಇಟ್ಟೆ. ಪಕ್ಕದಲ್ಲಿ ಅವ್ವನ ಬಾಟಲಿ, ಅದರ ಪಕ್ಕದಲ್ಲಿ ನನ್ನ ಊಟಿ ಎಣ್ಣೆ. ಮೂರೂ ಒಂದೇ ಸಾಲಿನಲ್ಲಿ ನಿಂತವು. ತಂಗಿಗೆ ಎಚ್ಚರ ಆಗಲಿಲ್ಲ. ಕತ್ತಲಲ್ಲಿ ಅವ್ವನ ಧ್ವನಿ ಬಂತು, "ಆರಿಸಿದೇನು?"

ಹೂಂ ಅಂದೆ. ಆ ಕಡೆ ಹೊರಳಿ ಮಲಗಿದಳು. ಮುಂಜಾನೆ ತಂಗಿ ಕೇಳುತ್ತಾಳೆ. ಅವ್ವನೇ ತೆಗೆದಳು ಅಂತ ತಿಳಿದರೆ? ನಾನು ಎದ್ದ ಕೂಡಲೇ ಹೇಳಿಬಿಡಬೇಕು, ಚಹಾಕ್ಕೂ ಮೊದಲು. ಅಮಾಸಿ ದಿನ ಮನೆಯಲ್ಲಿ ಜಗಳ ಬೇಡ ಅಂತ ಅವ್ವ ಅಂದಾಳು, ಆದರೂ.

ಮೂಗು ತೊಳೆಯಲು ಕುದಿಸಿಟ್ಟ ನೀರು ಮುಂದೆ ಇದೆ. ಲೋಟದ ಹೊರಗೆ ಬೆರಳು ಹಚ್ಚಿ ನೋಡುತ್ತಿದ್ದೇನೆ, ಇನ್ನೂ ಬಿಸಿ. ಬರೀ ನೀರು ಹೋದರೆ ಮೂಗು ಉರಿದು ಹೋಗುತ್ತದೆ, ಉಪ್ಪು ಬೇಕೇ ಬೇಕು. ಹಾಕಿದ ನೆನಪು ಇದೆ. ಅಥವಾ ಅದು ನಿನ್ನೆಯದೋ, ಚಮಚ ಅಂತೂ ಒದ್ದೆ ಇದೆ