ಹಳೇ ಓಮ್ನಿಗೆ ಯಾವ ಆಯಿಲ್ ಹಾಕೋದು?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ಹತ್ತಿರ ಓಮ್ನಿ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಆಯಿಲ್ ವಿಷಯಕ್ಕೆ ವಾದ ಗ್ಯಾರಂಟಿ. ಒಬ್ಬರು ದಪ್ಪ ಆಯಿಲೇ ಬೇಕು ಅನ್ನುತ್ತಾರೆ. ಇನ್ನೊಬ್ಬರು ಫುಲ್ ಸಿಂಥೆಟಿಕ್ (ಕಾರ್ಖಾನೆಯಲ್ಲಿ ವಿಶೇಷವಾಗಿ ತಯಾರಿಸಿದ ದುಬಾರಿ ಆಯಿಲ್) ಹಾಕಿ ನೋಡಿ, ಗಾಡಿ ಹೊಸದಾಗುತ್ತದೆ ಅನ್ನುತ್ತಾರೆ. ಮೂರನೆಯವರು ಟ್ರ್ಯಾಕ್ಟರ್‌ಗೆ ತಂದು ಉಳಿದದ್ದನ್ನೇ ಸುರಿದು ಆರಾಮಾಗಿ ಓಡಾಡುತ್ತಿರುತ್ತಾರೆ. ಮಾರುತಿಯವರು ಓಮ್ನಿ ಮಾಡುವುದನ್ನು 2019ರಲ್ಲೇ ನಿಲ್ಲಿಸಿದರು. ಹಾಗಾಗಿ ಈಗ ಓಡುತ್ತಿರುವುದೆಲ್ಲ ಹಳೇ ಗಾಡಿಗಳೇ, ಈ ವಾದ ಇನ್ನೂ ಕೆಲವು ವರ್ಷ ಮುಗಿಯೋದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹವೆಗೆ, ಹಳೇ ಪೆಟ್ರೋಲ್ ಓಮ್ನಿಗೆ, ಒಳ್ಳೆ ಕಂಪನಿಯ 20ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40 ಮಿನರಲ್ ಆಯಿಲ್, ಅಂದರೆ ಕಚ್ಚಾ ತೈಲದಿಂದ ತೆಗೆದ ಮಾಮೂಲಿ ಆಯಿಲ್, ಸಾಕು. ದುಬಾರಿ ಡಬ್ಬಿ ತಂದು "ಅಷ್ಟು ದುಡ್ಡು ಕೊಟ್ಟಿದ್ದೀನಿ, ಇನ್ನೂ ಸ್ವಲ್ಪ ದಿನ ಓಡಲಿ" ಅಂತ ಎಳೆಯುವುದಕ್ಕಿಂತ, ಸಾಧಾರಣ ಆಯಿಲ್ ಹಾಕಿ ಹೊತ್ತಿಗೆ ಸರಿಯಾಗಿ ಬದಲಿಸುವುದು ಎಷ್ಟೋ ಮೇಲು. ಗಾಡಿ ಜೊತೆ ಕೊಟ್ಟ ಪುಸ್ತಕ ಇದ್ದರೆ ಅದರಲ್ಲಿ ಏನಿದೆ ಅಂತ ಒಂದ್ಸಲ ನೋಡಿ, ಮುಖ್ಯವಾಗಿ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಇಂಜಿನ್ ಆದರೆ.

ಡಬ್ಬಿ ಮೇಲಿನ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಚಳಿಯದ್ದು. ಇಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಲೆಕ್ಕ. 20ಡಬ್ಲ್ಯೂ ಆಯಿಲ್‌ನಲ್ಲಿ ಇಂಜಿನ್ ತಿರುಗುತ್ತದಾ ಅಂತ ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ. 10ಡಬ್ಲ್ಯೂ ಆದರೆ 25 ಡಿಗ್ರಿ ಕೆಳಗೆ. ನಂದಿ ಬೆಟ್ಟದ ಮೇಲೆ ಡಿಸೆಂಬರ್ ಬೆಳಿಗ್ಗೆ ಎಷ್ಟೇ ನಡುಗಿದರೂ ಅಷ್ಟು ಚಳಿ ನಾವು ಯಾವತ್ತೂ ನೋಡಿಲ್ಲ, ಅಲ್ವಾ? ಮೊದಲ ಸಂಖ್ಯೆ ಕಡಿಮೆ ಇದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಿನವರೆಗೂ ಸ್ವಲ್ಪ ಬೇಗ ಹತ್ತುತ್ತದೆ, ನಿಜ. ಅದಕ್ಕೋಸ್ಕರ ದುಪ್ಪಟ್ಟು ದುಡ್ಡು ಕೊಡುವಷ್ಟು ಏನಿಲ್ಲ.

ನಮಗೆ ಬೇಕಾದದ್ದು ಎರಡನೆಯ ಸಂಖ್ಯೆ. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು. ಓಮ್ನಿಯದು ಮೂರು ಸಿಲಿಂಡರಿನ 796 ಸಿಸಿ ಪುಟ್ಟ ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಏಪ್ರಿಲ್ ಬಿಸಿಲಲ್ಲಿ ಚಿಂತಾಮಣಿ ಕಡೆಯಿಂದ ಟೊಮೆಟೊ ಕ್ರೇಟ್ ತುಂಬಿಕೊಂಡು ಬಂದರೆ, ಇಲ್ಲ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಂದಿ ಘಾಟಿ ಹತ್ತಿದರೆ, ಸೀಟೇ ಕಾದು ಗೊತ್ತಾಗುತ್ತದೆ ಕೆಳಗೆ ಏನಾಗುತ್ತಿದೆ ಅಂತ. ಗೂಡು ಹಗುರ, ಅದರ ಬಾಡಿಗೆಗೆ ಇಂಜಿನ್‌ಗೆ ಇಷ್ಟು ಕಷ್ಟ ಇಲ್ಲ.

ಇನ್ನೊಂದು ವಿಷಯ. ಇಂಥ ಆಯಿಲ್‌ಗಳು ಬಿಸಿಯಲ್ಲೂ ತೀರಾ ತೆಳ್ಳಗಾಗದಿರಲಿ ಅಂತ ಪಾಲಿಮರ್ ಬೆರೆಸಿರುತ್ತಾರೆ. ಗಾಡಿ ಓಡಿದಂತೆಲ್ಲ ಆ ಪಾಲಿಮರ್ ಅರೆದು ಅರೆದು ತುಂಡಾಗುತ್ತದೆ. ಹಾಕಿದಾಗ 40 ಇದ್ದದ್ದು ಆಮೇಲೆ 40 ಆಗಿ ಉಳಿದಿರುವುದಿಲ್ಲ. ಹೊತ್ತಿಗೆ ಬದಲಿಸಿ ಅಂತ ನಾನು ಹೇಳೋದು ಇದಕ್ಕೇ. ನಾನು 5000 ಕಿಲೋಮೀಟರ್ ಅಥವಾ 6 ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಿಸುತ್ತೇನೆ. ಫಿಲ್ಟರ್ ಕೂಡ ಪ್ರತಿ ಸಲ. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಲ್ಲಿ ಒಂಚೂರು ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿ. ಪಾನಾ ಹಾಕಿ ತಿರುಚಿದರೆ ಮುಂದಿನ ಸಲ ಬಿಚ್ಚುವವನ ಬಾಯಲ್ಲಿ ಏನೇನೋ ಬರುತ್ತದೆ.

ಸುಮ್ನೆ ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಓಡುವ ಗಾಡಿಗೆ ಕಿಲೋಮೀಟರ್ ಏರೋದೇ ಇಲ್ಲ. ಆದರೆ ಆಯಿಲ್ ಕೆಡುವುದು ಅಲ್ಲೇ ಜಾಸ್ತಿ. ಇಂಜಿನ್ ಪೂರ್ತಿ ಕಾಯುವ ಮುಂಚೆ ಆಫ್ ಆಗುತ್ತದೆ, ಒಳಗೆ ಕೂತ ನೀರಿನ ಪಸೆ, ಸೋರಿದ ಪೆಟ್ರೋಲ್ ಆವಿಯಾಗಿ ಹೋಗೋದಿಲ್ಲ. ಸೀಟ್ ಎತ್ತಿ ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಮೀಟರ್ ಏನೇ ಹೇಳಲಿ, ಬದಲಿಸಿ. ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲ್ ಜಾಸ್ತಿ ಬೀಳುತ್ತಿದೆಯಾ ಅಂತಾನೂ ತೋರಿಸಿ. ಆಯಿಲ್ ಕಪ್ಪಾಗಿದೆ ಅಂದ ಮಾತ್ರಕ್ಕೆ ಗಾಬರಿ ಬೇಡ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಿ.

ಇನ್ನು ಹೊಗೆ. ಹಳೇ ಗಾಡಿ ನೀಲಿ ಹೊಗೆ ಬಿಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮದ್ದು, 20ಡಬ್ಲ್ಯೂ-50 ಹಾಕಿ. ಹೊಗೆ ಸ್ವಲ್ಪ ಕಮ್ಮಿ ಆಗುತ್ತದೆ, ಸುಳ್ಳಲ್ಲ. ಸವೆದ ಇಂಜಿನ್‌ನಲ್ಲಿ ಬೇಸಿಗೆ ಕಳೆಯಲು ನಾನೂ ಅದನ್ನು ತಪ್ಪು ಅನ್ನೋದಿಲ್ಲ. ಆದರೆ ಕಾಯಿಲೆ ಅಲ್ಲೇ ಇರುತ್ತದೆ. ಹೊಗೆ ಯಾವಾಗ ಬರುತ್ತದೆ ಅಂತ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂತ ಬಂದು ನಿಂತರೆ, ಅಥವಾ ಘಾಟಿ ಇಳಿಯುವಾಗ ಕಾಲು ತೆಗೆದು ಕೆಳಗೆ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬಂದರೆ, ಹೆಚ್ಚಾಗಿ ವಾಲ್ವ್ ಸೀಲ್. ಅದು ಸಣ್ಣ ಕೆಲಸ. ಹತ್ತುವಾಗ ಉದ್ದಕ್ಕೂ ಬಿಡುತ್ತಲೇ ಇದ್ದರೆ ಪಿಸ್ಟನ್ ರಿಂಗ್ ಹೋಗಿರುತ್ತದೆ. ಆಗ ಕಂಪ್ರೆಷನ್ ಚೆಕ್ ಮಾಡಿಸಿ, ಇಂಜಿನ್ ಬಿಚ್ಚಿಸಬೇಕಾ ಬೇಡವಾ ಅಂತ ಲೆಕ್ಕ ಹಾಕಿ. ಸೆಕೆಂಡ್ ಹ್ಯಾಂಡ್ ಓಮ್ನಿ ಕೊಳ್ಳುವವರಿಗೂ ಇದೇ ಮಾತು. ನೀವು ಹೋಗುವ ಹೊತ್ತಿಗೆ ಇಂಜಿನ್ ಬಿಸಿ ಮಾಡಿ ನಿಲ್ಲಿಸಿದ್ದರೆ ಅನುಮಾನ ಪಡಿ. ನಾಳೆ ಬೆಳಿಗ್ಗೆ ಬರುತ್ತೇನೆ, ನಾನೇ ಸ್ಟಾರ್ಟ್ ಮಾಡುತ್ತೇನೆ ಅನ್ನಿ.

ಟ್ರ್ಯಾಕ್ಟರ್ ಆಯಿಲ್ ವಿಷಯ. ಡಬ್ಬಿ ಹಿಂದೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಅಂತ, ಪಕ್ಕದಲ್ಲಿ ಅದರ ಗುಣಮಟ್ಟದ ಅಕ್ಷರಗಳು ಇರುತ್ತವೆ ನೋಡಿ. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್‌ಗೆ, ಸಿ ಆದರೆ ಡೀಸೆಲ್‌ಗೆ. ಕೆಲವು ಡಬ್ಬಿಗಳ ಮೇಲೆ ಎರಡೂ ಇರುತ್ತವೆ, ಅಂಥದ್ದು ಓಮ್ನಿಗೆ ನಡೆಯುತ್ತದೆ. ಬರೀ ಸಿ ಇದ್ದರೆ ಟ್ರ್ಯಾಕ್ಟರ್‌ಗೇ ಇರಲಿ. ಎಸ್‌ಎಲ್ ಬಂದಿದ್ದು 2001ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು, ಗ್ರೇಡ್ ಸರಿ ಇದ್ದರೆ ಹೊಸದನ್ನು ಹಳೇ ಇಂಜಿನ್‌ಗೆ ಹಾಕಬಹುದು.

ಸಿಂಥೆಟಿಕ್ ಹಾಕಿದರೆ ಹಳೇ ಇಂಜಿನ್ ಹಾಳಾಗುತ್ತದೆ ಅನ್ನುವುದೂ ಸುಳ್ಳು, ಅದು ಮಿನರಲ್ ಜೊತೆ ಬೆರೆತರೆ ಒಡೆಯುತ್ತದೆ ಅನ್ನುವುದೂ ಸುಳ್ಳು. ಆದರೆ ಸೀಲ್ ಒಣಗಿ ಸೋರುವ ಗಾಡಿಗೆ ದುಬಾರಿ ಆಯಿಲ್ ಹಾಕಿದರೆ ದುಬಾರಿ ಆಯಿಲ್ ಸೋರುತ್ತದೆ, ಅಷ್ಟೇ.

ಸುರಿಯುವಾಗ ಡಬ್ಬಿ ಖಾಲಿ ಆಗಬೇಕು ಅಂತ ಹಠ ಬೇಡ. ಕಡ್ಡಿಯ ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಸ್ವಲ್ಪ ಕೆಳಗೆ ನಿಲ್ಲಿಸಿ. ಜಾಸ್ತಿಯಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಗಾಡಿ ಸಮನಾದ ಜಾಗದಲ್ಲಿರಲಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಿ.

ತೆಗೆದ ಹಳೇ ಆಯಿಲನ್ನು ನಮ್ಮ ಕಡೆ ಗೆದ್ದಲಿಗೆ ಅಂತ ಮರಕ್ಕೆ ಬಳಿಯುತ್ತಾರೆ, ಉಳಿದದ್ದನ್ನು ಬದುವಿಗೆ ಚೆಲ್ಲುತ್ತಾರೆ. ರೇಷ್ಮೆ ಹುಳು ಮನೆ ಪಕ್ಕ, ಹಿಪ್ಪುನೇರಳೆ ತೋಟದ ಅಂಚಲ್ಲಿ ಈ ಕೆಲಸ ಮಾಡಲೇಬೇಡಿ, ಸೊಪ್ಪಿಗೆ ತಾಗಿದರೆ ಯಾರಿಗೆ ನಷ್ಟ? ಕ್ಯಾನಿಗೆ ತುಂಬಿ ಗ್ಯಾರೇಜ್‌ಗೆ ಕೊಟ್ಟುಬಿಡಿ, ಹಳೇ ಆಯಿಲ್ ಕೊಳ್ಳುವವರು ಅಲ್ಲಿಗೆ ಬರುತ್ತಾರೆ. ಹೊಸ ಆಯಿಲಿನ ಖಾಲಿ ಡಬ್ಬಿಗೆ ಮಾತ್ರ ಒಂದು ತೂತು ಹೊಡೆದು ಗುಜರಿಗೆ ಹಾಕಿ, ಇಲ್ಲದಿದ್ದರೆ ಅದೇ ಡಬ್ಬಿಗೆ ಏನೋ ತುಂಬಿ ಯಾರಿಗೋ ಮಾರುತ್ತಾರೆ.