ಪಕ್ಕದ ಸೀಟಿನಲ್ಲಿ ಯಾರು ಕೂರ್ತಾರೆ?

ಸೋಮವಾರದಿಂದ ಒಂದೇ ಪ್ರಶ್ನೆ ತಲೆಯೊಳಗೆ ಸುತ್ತುತ್ತಿದೆ. ಟೆಕ್ಸಸ್‌ನ ಗಾರ್ಲೆಂಡ್‌ನಲ್ಲಿ ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ರಿಪೇರಿ ಅಂಗಡಿ ಇಟ್ಟಿರುವ ಮುದುಕ ಕೇಳಿದ್ದು. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಡಬ್ಬಿ, ಟಾರ್ಕ್ ಕನ್ವರ್ಟರ್, ಬದಲಿಸಬೇಕು, ಅದರ ಸ್ಟಾಲ್ ಅಂಕಿ ಮೂರು ಸಾವಿರ ಇದ್ದರೆ ಚೆನ್ನ, ಕೈಯಲ್ಲಿರುವ ದುಡ್ಡು ಇಷ್ಟು ಅಂತ ನಾನು ಒಂದೇ ಉಸಿರಿಗೆ ಹೇಳುತ್ತಿದ್ದೆ. ಆತ ಎಣ್ಣೆಗೈ ಒರೆಸಿಕೊಳ್ಳುತ್ತಾ, "ಅದೆಲ್ಲ ಆಮೇಲೆ. ದಿನಾ ನಿನ್ನ ಪಕ್ಕದ ಸೀಟಿನಲ್ಲಿ ಯಾರು ಕೂರ್ತಾರೆ?" ಎಂದ.

"ಅಮ್ಮ."

"ಹಾಗಾದರೆ ಮೂರು ಸಾವಿರದ ಮಾತು ಬಿಡು."

ಕಾರು 1996ರ ಶೆವರ್ಲೆ ಇಂಪಾಲಾ ಎಸ್‌ಎಸ್. 5.7 ಲೀಟರಿನ ಎಲ್‌ಟಿ1 ಎಂಜಿನ್, 260 ಅಶ್ವಶಕ್ತಿ, ಹಿಂದೆ 4ಎಲ್60-ಇ ಗೇರ್‌ಬಾಕ್ಸ್. ಇಲ್ಲೇ ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಅದೇ ವರ್ಷದ ಕೊನೆಗೆ ಈ ಮಾದರಿ ನಿಂತುಹೋಯಿತು. ಈಗ ಅಲ್ಲಿಂದ ಟಾಹೋ, ಸಬರ್ಬನ್‌ಗಳು ಹೊರಬರುತ್ತವೆ. ನನಗೆ ಇದು ಶೋಕಿಯ ಗಾಡಿಯಲ್ಲ. ಆಫೀಸಿಗೆ, ದಿನಸಿಗೆ, ಮಗಳ ಶಾಲೆಗೆ ಎಲ್ಲದಕ್ಕೂ ಇದೇ. ಅಮ್ಮ ತಿಪಟೂರಿನಿಂದ ಬಂದ ಮೇಲೆ ಸಂಜೆ ಶಾಲೆಯ ಹತ್ತಿರ ಅವರೂ ಬರುತ್ತಾರೆ.

ನಡುಕವನ್ನು ಮೊದಲು ಗಮನಿಸಿದ್ದೂ ಅವರೇ. "ಕಾರಿಗೆ ಚಳಿಜ್ವರ ಬಂದಂಗಿದೆ ಕಣೋ." ಟಾಪ್ ಗೇರಿಗೆ ಬಿದ್ದು ಕನ್ವರ್ಟರ್‌ನ ಲಾಕಪ್ ಕ್ಲಚ್ (ಒಳಗೆ ಜಾರದಂತೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದಾಗಿ ಬಿಗಿಯುವುದು) ಹಿಡಿಯುವ ಹೊತ್ತಿಗೆ ಸರಿಯಾಗಿ ಇಡೀ ಗಾಡಿ ಅದುರುತ್ತಿತ್ತು. ಆ ಕ್ಲಚ್ಚಿನ ಲೈನಿಂಗ್ ಸವೆದಿದೆ, ಅದರ ಪುಡಿ ಎಣ್ಣೆಯಲ್ಲಿ ಸೇರಿದೆ. ಹೇಗೂ ಬದಲಿಸಲೇಬೇಕು, ಬದಲಿಸುವಾಗ ಒಂದು ಮೆಟ್ಟಿಲು ಮೇಲಿನದನ್ನೇ ಹಾಕೋಣ ಎನ್ನುವ ಆಸೆ ಅಲ್ಲಿಂದ ಶುರುವಾಯಿತು. ಸುಮಾರು 1,800 ಕೆಜಿ ತೂಕದ ಗಾಡಿ, ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ 3.08, ನಿಂತಲ್ಲಿಂದ ಹೊರಡುವಾಗ ಸೋಮಾರಿ. ಹೈವೇ 75ಕ್ಕೆ ಹತ್ತುವಾಗ ಎಂಜಿನ್ ಸ್ವಲ್ಪ ಬೇಗ ಮೇಲೆದ್ದರೆ ಒಳ್ಳೆಯದು ಅಂತ ಎಷ್ಟೋ ಸಲ ಅನಿಸಿದ್ದಿದೆ.

ಆಫೀಸಿನ ಗೆಳೆಯನೊಬ್ಬ 3,000 ಆರ್‌ಪಿಎಂ ಸ್ಟಾಲ್‌ನದ್ದು 300 ಡಾಲರಿಗೆ ಸಿಗುತ್ತೆ, ಕಣ್ಣುಮುಚ್ಚಿ ತಗೋ ಎಂದ. ಒಳ್ಳೆಯ ಹುಡುಗ, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಪಾನಾ ಹಿಡಿದು ಬರುವವನು. ಆದರೆ ಅವನ ಕಾರು ವಾರಕ್ಕೊಮ್ಮೆ ಗ್ಯಾರೇಜಿನಿಂದ ಆಚೆ ಬರುತ್ತದೆ, ಅವನ ಪಕ್ಕದ ಸೀಟು ಯಾವಾಗಲೂ ಖಾಲಿ.

ಸ್ಟಾಲ್ ಅಂದರೆ, ಗಾಲಿಗಳನ್ನು ತಡೆದು ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಎಷ್ಟು ಸುತ್ತಿಗೆ ಏರಿ ನಿಲ್ಲುತ್ತದೋ ಆ ಅಂಕಿ. ಅದು ಕನ್ವರ್ಟರ್ ಒಂದರದ್ದೇ ಗುಣವಲ್ಲ. ಅದೇ ಡಬ್ಬಿಯನ್ನು ಹೆಚ್ಚು ಟಾರ್ಕಿನ ಎಂಜಿನ್ನಿಗೆ ಜೋಡಿಸಿದರೆ ಅಂಕಿ ಮೇಲೇರುತ್ತದೆ, ಕಡಿಮೆಯದಕ್ಕೆ ಜೋಡಿಸಿದರೆ ಇಳಿಯುತ್ತದೆ. ಯಾವ ಎಂಜಿನ್, ಎಷ್ಟು ತೂಕ, ಯಾವ ಆಕ್ಸಲ್ ಅಂತ ಕೇಳದೆ ಅಂಕಿ ಹೇಳಿ ಮಾರುವವರ ಮೇಲೆ ನನಗೆ ನಂಬಿಕೆಯಿಲ್ಲ.

ನನ್ನ ಕಾರಿನ ಲೆಕ್ಕ ಇನ್ನೂ ಸ್ಪಷ್ಟ. ನಾಲ್ಕನೇ ಗೇರಿನ ಅನುಪಾತ 0.70. ಗಂಟೆಗೆ 70 ಮೈಲಿಯಲ್ಲಿ ಲಾಕಪ್ ಹಿಡಿದಿದ್ದರೆ ಎಂಜಿನ್ ತಿರುಗುವುದು ಸುಮಾರು 1,900 ಆರ್‌ಪಿಎಂ. 3,000ದ ಕನ್ವರ್ಟರ್ ಹಾಕಿ, ಅದರ ಅಗ್ಗದ ಲಾಕಪ್ ಕ್ಲಚ್ ಕೈಕೊಟ್ಟರೆ ಆಫೀಸಿನ ದಾರಿಯುದ್ದಕ್ಕೂ ಒಳಗೆ ಜಾರುತ್ತಲೇ ಇರುತ್ತದೆ. ಜಾರಿದ್ದೆಲ್ಲ ಎಣ್ಣೆಗೆ ಬಿಸಿಯಾಗಿ ಹೋಗುತ್ತದೆ. ಆಗಸ್ಟ್‌ನಲ್ಲಿ ಇಲ್ಲಿ 38 ಡಿಗ್ರಿ ದಾಟಿದ ಬಿಸಿಲು. ಟ್ರಾಫಿಕ್ಕಿನಲ್ಲಿ ತೆವಳುವಾಗ ಲಾಕಪ್ ಇರುವುದೂ ಇಲ್ಲ.

ಮುದುಕ ತೋರಿಸಿದ್ದು 2,400ರ ಆಸುಪಾಸಿನದ್ದು, 550 ಡಾಲರ್. ಹೆಚ್ಚಿನ 250 ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಕತ್ತರಿಸಿಟ್ಟ ಹಳೆಯದೊಂದನ್ನು ಎಳೆದು ತಂದ. ಎಣ್ಣೆ ತಳ್ಳುವ ರೆಕ್ಕೆಗಳನ್ನು, ಅಂದರೆ ಫಿನ್‌ಗಳನ್ನು, ಕುಲುಮೆಯಲ್ಲಿ ಬೆಸೆದಿರಬೇಕು, ಅಗ್ಗದ್ದರಲ್ಲಿ ಪ್ಲಾಸ್ಟಿಕ್ ವಾಷರ್ ಇರುವ ಕಡೆ ಸೂಜಿ ಬೇರಿಂಗ್ ಇರಬೇಕು, ಲಾಕಪ್ ಲೈನಿಂಗ್ ಹೊಸದಾಗಿರಬೇಕು ಎಂದು ಬೆರಳಿಟ್ಟು ತೋರಿಸಿದ. ವೆಲ್ಡ್ ಮಾಡಿ ಮುಚ್ಚಿದ ವಸ್ತು, ಕೊಂಡವನಿಗೆ ಒಳಗೇನಿದೆ ಎಂದು ಕಾಣುವುದೇ ಇಲ್ಲ. ಅದು ಕೆಟ್ಟರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು, ಕೂಲಿಯೇ ಡಬ್ಬಿಯ ಬೆಲೆ ಮೀರುತ್ತದೆ. ಕಡಿಮೆ ದುಡ್ಡಿನವನು ಆ ಕೂಲಿಯನ್ನು ಎರಡು ಸಲ ಕೊಡಲಾರ. ನನ್ನ ಪ್ರಕಾರ ಬಜೆಟ್ ಅಂದರೆ ಈ ಲೆಕ್ಕವೇ. ಉಳಿದ ದುಡ್ಡಿನಲ್ಲಿ ಒಂದು ಹೆಚ್ಚುವರಿ ಆಯಿಲ್ ಕೂಲರ್ ಸೇರಿಸಲು ಹೇಳಿದೆ.

ಆದರೆ ಮನಸ್ಸು ಮತ್ತೆ ಮತ್ತೆ ಹೋಗುತ್ತಿರುವುದು ಆ ಪ್ರಶ್ನೆಗೇ. ಪಕ್ಕದ ಸೀಟಿನಲ್ಲಿ ಯಾರು ಕೂರ್ತಾರೆ? ಅವತ್ತು ರಾತ್ರಿ ಊಟದ ಹೊತ್ತಿಗೆ ಅಮ್ಮನನ್ನು ಕೇಳಿದೆ, ಅಪ್ಪನ ಯೆಜ್ಡಿಯಲ್ಲಿ ಕೂರೋದು ಹೇಗಿತ್ತು ಅಂತ. ಮೈಸೂರಿನಲ್ಲಿ ತಯಾರಾದ ಆ ಬೈಕಿನ ಬಗ್ಗೆ ನಮ್ಮನೆಯಲ್ಲಿ ಕಥೆಗಳಿಗೆ ಬರವಿಲ್ಲ. ಎಲ್ಲವೂ ಅಪ್ಪನವು: ಸಕಲೇಶಪುರದ ಘಾಟಿ, ಅದರ ಸದ್ದು, ಅದರ ದಮ್ಮು.

ಅಮ್ಮ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಹೊರಡುವಾಗ ಜಗ್ಗೋದು. ಒಂದು ಕೈಲಿ ಸೆರಗು, ಒಂದು ಕೈಲಿ ಹಿಡಿ, ತೊಡೆ ಮೇಲೆ ನೀನು. ನಿಧಾನ ಅಂದ್ರೆ ನಿಮ್ಮಪ್ಪ, ಗಾಡೀಲಿ ಜೀವ ಇದೆ ಕಣೇ ಅನ್ನೋರು."

ಅಪ್ಪ ಕೆಟ್ಟವರಲ್ಲ. ಕ್ಲಚ್ ಅವರ ಕೈಯಲ್ಲಿತ್ತು, ಜಗ್ಗಾಟ ಅಮ್ಮನ ಸೊಂಟದಲ್ಲಿ. ಇಬ್ಬರೂ ಸಾವಿರಾರು ಮೈಲಿ ಒಂದೇ ಗಾಡಿಯಲ್ಲಿ ಹೋದರು, ಹಿಂದೆ ಕೂತವರ ಕಥೆ ಮಾತ್ರ ಮನೆಯೊಳಗೆ ಯಾವತ್ತೂ ಬರಲಿಲ್ಲ. ಮಗನಾಗಿ ನನಗೂ ಕೇಳಬೇಕೆಂದು ಹೊಳೆದಿರಲಿಲ್ಲ. ಟೆಕ್ಸಸ್‌ನ ಒಬ್ಬ ಮೆಕ್ಯಾನಿಕ್, ಅಮ್ಮನ ಮುಖವನ್ನೇ ನೋಡದವನು, ಅದನ್ನು ಮೊದಲು ಕೇಳಿದ. ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ ಹುಟ್ಟಿದೆ.

ಗುರುವಾರ ಗೇರ್‌ಬಾಕ್ಸ್ ಇಳಿಯುತ್ತದೆ. ಕೂಲರ್ ಪೈಪುಗಳನ್ನು ತೊಳೆಯದೆ ಹೊಸ ಕನ್ವರ್ಟರ್ ಜೋಡಿಸಿದರೆ ಹಳೇ ಪುಡಿಯೆಲ್ಲ ಮತ್ತೆ ಒಳಗೇ ಹೋಗುತ್ತದೆ, ಅದನ್ನು ಬಿಲ್ಲಿನಲ್ಲಿ ಬರೆಸಿದ್ದೇನೆ. ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಕೂತಿದೆಯೇ, ಎಂಜಿನ್ನಿಗೆ ಅದನ್ನು ಜೋಡಿಸುವ ತಟ್ಟೆಗೂ (ಫ್ಲೆಕ್ಸ್‌ಪ್ಲೇಟ್) ಅದಕ್ಕೂ ನಡುವೆ ಬೇಕಾದಷ್ಟು ಸಂದು ಉಳಿದಿದೆಯೇ ಎಂದು ಅಳೆಯುವಾಗ ಪಕ್ಕದಲ್ಲಿ ನಿಂತು ನೋಡುತ್ತೇನೆ ಅಂತ ಕೇಳಿದೆ. ಬೆಳಿಗ್ಗೆ ಏಳಕ್ಕೇ ಬಾ ಎಂದಿದ್ದಾನೆ.