ಪೆರ್ಲದ ಅಂಗಡಿಗೆ ಬಂದ ಹಸಿರು ಸೀಸೆ

ಕಳೆದ ಗುರುವಾರ ಮಧ್ಯಾಹ್ನ ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಒಳಗಿನ ಊರೊಂದರಿಂದ ತಾಯಿಯೊಬ್ಬರು ನನ್ನ ಔಷಧದ ಅಂಗಡಿಗೆ ಬಂದರು. ಒಂಬತ್ತು ವರ್ಷದ ಮಗಳಿಗೆ ಅಪಸ್ಮಾರ. ಆರು ವರ್ಷಗಳಿಂದ ಮಾತ್ರೆ ನನ್ನಲ್ಲಿಂದಲೇ ಹೋಗುತ್ತಿದೆ. ಚೀಲದೊಳಗೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹಸಿರು ಗಾಜಿನ ಸೀಸೆಯೊಂದನ್ನು ಮೇಜಿನ ಮೇಲಿಟ್ಟು, "ಅಕ್ಕಾ, ಇದು ಗಾಂಜಾದ ಎಣ್ಣೆಯಂತೆ. ಭಾವ ಬೆಂಗಳೂರಿನಿಂದ ತಂದುಕೊಟ್ಟರು. ಇದನ್ನು ಕೊಟ್ಟರೆ ಫಿಟ್ಸ್ ನಿಲ್ಲುತ್ತದಂತೆ. ಇನ್ನು ಮಾತ್ರೆ ಬೇಡವಲ್ಲವೇ?" ಎಂದು ಕೇಳಿದರು.

ಕೊನೆಯ ಪ್ರಶ್ನೆ ಕೇಳಿ ನನ್ನ ಎದೆ ಧಸಕ್ಕೆಂದಿತು. ಅಪಸ್ಮಾರದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಸೆಳೆತ ಒಂದರ ಹಿಂದೆ ಒಂದು ಬಂದು ನಿಲ್ಲದೇ ಹೋಗಬಹುದು, ಜೀವಕ್ಕೇ ಎರವಾಗಬಹುದು. ಮೊದಲು ಆ ಮಾತನ್ನು ಹೇಳಿ, ಆಮೇಲೆ ಕನ್ನಡಕ ಹಾಕಿಕೊಂಡು ಸೀಸೆಯ ಚೀಟಿ ಓದಿದೆ.

ಚೀಟಿ ಇದ್ದದ್ದು ಇಂಗ್ಲಿಷಿನಲ್ಲಿ. ನಮ್ಮ ಕಡೆ ಔಷಧದ ಬಗ್ಗೆ ಬರುವ ಕಾಗದವೆಲ್ಲ ಒಂದೋ ಇಂಗ್ಲಿಷ್, ಇಲ್ಲವೇ ಮಲಯಾಳ. ಕನ್ನಡ ಶಾಲೆಯಲ್ಲಿ ಕಲಿತ ತಾಯಂದಿರು ಅದನ್ನು ಯಾರಿಂದ ಓದಿಸಬೇಕು? ಈ ಬರಹವನ್ನು ಬರೆಯಲು ಕುಳಿತದ್ದೂ ಅದಕ್ಕಾಗಿಯೇ.

ಅದರಲ್ಲಿದ್ದದ್ದು ಹೆಂಪ್ ಬೀಜದ ಎಣ್ಣೆ. ಗಿಡ ಗಾಂಜಾದ ಜಾತಿಯದೇ, ಆದರೆ ಬೀಜದಲ್ಲಿ ಔಷಧದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆ ಅಂಶ ಹೆಚ್ಚಾಗಿ ಇರುವುದು ಹೆಣ್ಣು ಗಿಡದ ಹೂವಿನ ಮೇಲಿನ ಸಣ್ಣ ಸಣ್ಣ ಅಂಟುಗ್ರಂಥಿಗಳಲ್ಲಿ. 2021ರಲ್ಲಿ ನಮ್ಮ ದೇಶದಲ್ಲಿ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ಅನುಮತಿ ಸಿಕ್ಕಿತು. ಅಂಥ ಆಹಾರದಲ್ಲಿ ಔಷಧದ ಅಂಶವಾದ ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಕಿಲೋಗೆ 75 ಮಿಲಿಗ್ರಾಂ ಮೀರಬಾರದು. ಸೀಸೆಯಲ್ಲಿದ್ದದ್ದು 100 ಮಿಲಿಲೀಟರ್. ಬಿಲ್ಲಿನ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ: ಹೆಚ್ಚೆಂದರೆ ಏಳು ಮಿಲಿಗ್ರಾಂ. ಅಪಸ್ಮಾರಕ್ಕೆ ಕೊಡುವ ಶುದ್ಧ ಸಿಬಿಡಿಯ ಪ್ರಮಾಣ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮಿಲಿಗ್ರಾಂ. ಮಗುವಿನ ತೂಕ 24 ಕಿಲೋ. ದಿನಕ್ಕೆ 240 ಮಿಲಿಗ್ರಾಂ ಬೇಕೆಂದಾಯಿತು. ಈ ಎಣ್ಣೆಯಿಂದ ಅಷ್ಟು ಸಿಗಬೇಕಾದರೆ ದಿನಕ್ಕೆ ಸುಮಾರು ಮೂವತ್ತೈದು ಸೀಸೆ ಕುಡಿಸಬೇಕು. ಅವರು ಲೆಕ್ಕವನ್ನು ನೋಡಿದರು, ಸೀಸೆಯನ್ನು ನೋಡಿದರು. ಏನೂ ಹೇಳಲಿಲ್ಲ.

ಆದರೆ ಅವರ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಿಜವೂ ತಪ್ಪೂ ಬೆರಕೆಯಾಗಿರುವುದು ಅಲ್ಲೇ.

ಗಾಂಜಾ ಗಿಡದಲ್ಲಿ ಕ್ಯಾನಬಿನಾಯ್ಡ್ ಎಂಬ ಗುಂಪಿನ ನೂರಕ್ಕೂ ಹೆಚ್ಚು ರಾಸಾಯನಿಕಗಳಿವೆ. ನಮಗೆ ಮುಖ್ಯವಾದವು ಎರಡು: ಟಿಎಚ್‌ಸಿ ಮತ್ತು ಸಿಬಿಡಿ. ಇಸ್ರೇಲಿನ ರಫಾಯೆಲ್ ಮೆಖೂಲಂ ಎಂಬ ವಿಜ್ಞಾನಿ 1963ರಲ್ಲಿ ಸಿಬಿಡಿಯ ರಚನೆಯನ್ನೂ ಮರುವರ್ಷ ಟಿಎಚ್‌ಸಿಯ ರಚನೆಯನ್ನೂ ತಮ್ಮ ಜೊತೆಗಾರರೊಡನೆ ತಿಳಿಸಿಕೊಟ್ಟರು. ಸಂಶೋಧನೆಗೆಂದು ಪೊಲೀಸರಿಂದ ಪಡೆದ ಐದು ಕಿಲೋ ಹಶೀಶನ್ನು (ಚರಸ್) ಅವರು ಸಾಮಾನ್ಯ ಬಸ್ಸಿನಲ್ಲೇ ಒಯ್ದಿದ್ದರಂತೆ. ಅಮಲು ಬರಿಸುವುದು ಟಿಎಚ್‌ಸಿ. ಸಿಬಿಡಿ ಬರಿಸುವುದಿಲ್ಲ. ಹಸಿ ಗಿಡದಲ್ಲಿ ಟಿಎಚ್‌ಸಿ ಆಮ್ಲದ ರೂಪದಲ್ಲಿರುತ್ತದೆ, ಬಿಸಿ ತಾಗಿದಾಗ ಟಿಎಚ್‌ಸಿ ಆಗುತ್ತದೆ. ತುಂಬ ಕಾಲ ಇಟ್ಟರೆ ಅದರ ಒಂದಂಶ ಸಿಬಿಎನ್ ಎಂಬ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ.

ಇವು ಮೈಯಲ್ಲಿ ಏನು ಮಾಡುತ್ತವೆ ಎಂಬುದಕ್ಕೆ ನನಗೆ ನೆನಪಾಗುವುದು ನಮ್ಮ ಅಡಿಕೆ ತೋಟ. ಗುಡ್ಡ ಕೊರೆದು ಮಾಡಿದ ಸುರಂಗದ ನೀರು ತುಂಬಿದ ಕೆರೆಯ ತೂಬನ್ನು ಅಪ್ಪ ಮೇಲೆ ನಿಂತು ಬಿಡುತ್ತಿದ್ದರು. ನಾನು ಕೆಳಗೆ ಕಣಿಯ, ಅಂದರೆ ಕಾಲುವೆಯ, ಕೊನೆಯಲ್ಲಿ ನಿಂತು, ನೀರು ತುಂಬಿದಾಗ "ಸಾಕು ಅಪ್ಪಾ" ಎಂದು ಕೂಗಬೇಕು. ಮಿದುಳಿನಲ್ಲಿಯೂ ಹಾಗೆಯೇ. ಒಂದು ನರಕೋಶ ಸಂದೇಶ ಕಳುಹಿಸುತ್ತದೆ, ಇನ್ನೊಂದು ಪಡೆಯುತ್ತದೆ. ಪಡೆದ ಕೋಶಕ್ಕೆ ಸಂದೇಶ ಹೆಚ್ಚಾಯಿತೆಂದರೆ ಅದು ತಾನೇ ಒಂದು ರಾಸಾಯನಿಕವನ್ನು ತಯಾರಿಸಿ ಹಿಂದಕ್ಕೆ ಕಳುಹಿಸುತ್ತದೆ. ಕಳುಹಿಸುವ ಕೋಶದ ಮೇಲಿನ ಸಿಬಿ1 ಎಂಬ ಗ್ರಾಹಿ ಆ ಕೂಗನ್ನು ಕೇಳಿಸಿಕೊಂಡು ಹರಿವನ್ನು ತಗ್ಗಿಸುತ್ತದೆ. ನಮ್ಮ ದೇಹವೇ ತಯಾರಿಸುವ ಇಂಥ ರಾಸಾಯನಿಕವೊಂದು 1992ರಲ್ಲಿ ಸಿಕ್ಕಿದಾಗ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಆ ಆನಂದ ನಮ್ಮ ಸಂಸ್ಕೃತದ ಆನಂದವೇ.

ಆನಂದಮೈಡ್ ಬೇಕಾದ ಕಡೆ ಮಾತ್ರ, ಬೇಕಾದ ಹೊತ್ತಿಗೆ ಮಾತ್ರ ಹುಟ್ಟಿ ಬೇಗ ಕರಗಿಹೋಗುತ್ತದೆ. ಟಿಎಚ್‌ಸಿ ಹಾಗಲ್ಲ. ತೋಟದ ಎಲ್ಲ ಮೂಲೆಗಳಿಂದ ಯಾರೋ ಗಂಟೆಗಟ್ಟಲೆ "ಸಾಕು, ಸಾಕು" ಎಂದು ಕೂಗುತ್ತಲೇ ಇದ್ದಂತೆ. ನೆನಪಿನ ಭಾಗದಲ್ಲಿ ಕೂಗಿದರೆ ಈಗ ಆಡಿದ ಮಾತು ಈಗಲೇ ಮರೆಯುತ್ತದೆ. ಚಲನೆಯ ಭಾಗದಲ್ಲಾದರೆ ಹೆಜ್ಜೆ ತಪ್ಪುತ್ತದೆ. ಹಸಿವು ಕೆರಳುತ್ತದೆ, ಎದೆಬಡಿತ ಏರುತ್ತದೆ, ಕೆಲವರನ್ನು ವಿಪರೀತ ಭಯ ಹಿಡಿಯುತ್ತದೆ. ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡದಲ್ಲಿ ಸಿಬಿ1 ಬಹಳ ಕಡಿಮೆ. ಅಫೀಮಿನ ಜಾತಿಯ ಔಷಧಗಳಂತೆ ಇದು ಉಸಿರು ನಿಲ್ಲಿಸದಿರುವುದು ಅದಕ್ಕೇ. ಹಾಗೆಂದು ಇದನ್ನು ನಿರಪಾಯವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಿದುಳು ಇನ್ನೂ ಬೆಳೆಯುತ್ತಿರುವ ಹದಿಹರೆಯದಲ್ಲಿ ದಿನವೂ ಸೇದುವ ಹುಡುಗರಿಗೆ ಚಿತ್ತವಿಕಲತೆಯ ಅಪಾಯ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು.

ನನ್ನ ದೊಡ್ಡಪ್ಪ ಕಾಶಿಯಾತ್ರೆಗೆ ಹೋದಾಗ ಒಂದು ಲೋಟ ಭಂಗಿ ಕುಡಿದು, ಅರ್ಧ ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಂದು ಲೋಟ ಕುಡಿದರು. ಎರಡು ಗಂಟೆಯ ಮೇಲೆ ಸತ್ತೇಹೋದೆ ಎಂಬ ಹೆದರಿಕೆಯಲ್ಲಿ ಇಡೀ ರಾತ್ರಿ ದೊಡ್ಡಮ್ಮನ ಕೈ ಹಿಡಿದುಕೊಂಡು ಕುಳಿತಿದ್ದರಂತೆ. ಸೇದಿದ ಟಿಎಚ್‌ಸಿ ನಿಮಿಷಗಳಲ್ಲಿ ಮಿದುಳಿಗೆ ತಲುಪುತ್ತದೆ. ಹೊಟ್ಟೆಗೆ ಹೋದದ್ದು ಯಕೃತ್ತಿನ ಮೂಲಕ ಹಾದು, ಅಲ್ಲಿ ಇನ್ನಷ್ಟು ಬಲವಾದ ರೂಪಕ್ಕೆ ತಿರುಗಿ, ತಡವಾಗಿ ಬಂದು ತುಂಬ ಹೊತ್ತು ಉಳಿಯುತ್ತದೆ. ಕಣ್ಣಳತೆಯಲ್ಲಿ ಮಗುವಿಗೆ ಏನನ್ನಾದರೂ ಕುಡಿಸುವ ಮುಂಚೆ ದೊಡ್ಡಪ್ಪನ ಆ ರಾತ್ರಿಯನ್ನು ನೆನೆಯಬೇಕು.

ಸಿಬಿಡಿ ಈ ಸಿಬಿ1 ಗ್ರಾಹಿಗೆ ಸರಿಯಾಗಿ ಕೂರುವುದೇ ಇಲ್ಲ. ಅದರ ಕೆಲಸ ಬೇರೆ ದಾರಿಗಳಿಂದ. 1980ರಲ್ಲಿ ಬ್ರೆಜಿಲಿನ ವೈದ್ಯರೂ ಮೆಖೂಲಂ ಅವರೂ ಸೇರಿ ಎಂಟು ಅಪಸ್ಮಾರ ರೋಗಿಗಳಿಗೆ ಸಿಬಿಡಿ ಕೊಟ್ಟಾಗ ನಾಲ್ವರಲ್ಲಿ ಸೆಳೆತ ಬಹುಮಟ್ಟಿಗೆ ನಿಂತಿತು. ಅಂಥ ಫಲಿತಾಂಶ ದಶಕಗಳ ಕಾಲ ಕಪಾಟಿನಲ್ಲಿ ಕೊಳೆಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಡ್ರಾವೆ ಸಿಂಡ್ರೋಮ್ ಎಂಬ ಕಠಿಣ ಅಪಸ್ಮಾರವಿದ್ದು ಸಿಬಿಡಿ ಪಡೆದ ಮಕ್ಕಳು ಮತ್ತು ಯುವಕರಲ್ಲಿ ತಿಂಗಳಿಗೆ 12.4 ಇದ್ದ ಸೆಳೆತ 5.9ಕ್ಕೆ ಇಳಿಯಿತು. 2018ರಲ್ಲಿ ಅಮೆರಿಕದಲ್ಲಿ ಎಪಿಡಿಯೋಲೆಕ್ಸ್ ಎಂಬ ಶುದ್ಧ ಸಿಬಿಡಿ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಆ ಪ್ರಯೋಗದಲ್ಲಿ ಸಿಬಿಡಿ ಕೊಟ್ಟದ್ದು ಇತರ ಮಾತ್ರೆಗಳ ಜೊತೆಗೆ. ಅವುಗಳನ್ನು ಬಿಡಿಸಿ ಅಲ್ಲ.

ಜೊತೆಗೆ ಕೊಡುವಾಗಲೂ ಎಚ್ಚರ ಬೇಕು. ಸಿಬಿಡಿ ಯಕೃತ್ತಿನ ಕೆಲವು ಕಿಣ್ವಗಳನ್ನು ತಡೆಯುತ್ತದೆ. ಈ ಮಗು ತೆಗೆದುಕೊಳ್ಳುವುದು ಕ್ಲೋಬಜಾಮ್ ಮತ್ತು ವಾಲ್‌ಪ್ರೊಯೇಟ್. ಮೊದಲನೆಯದರ ಅಂಶ ರಕ್ತದಲ್ಲಿ ಏರಿ ಮಗು ತೂಕಡಿಸಿ ಬೀಳಬಹುದು. ಎರಡನೆಯದರ ಜೊತೆ ಸೇರಿದರೆ ಯಕೃತ್ತಿಗೆ ಪೆಟ್ಟು ಬೀಳಬಹುದು, ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. "ವಿಜಯಾ" ಎಂಬ ಹೆಸರಿನಲ್ಲಿ ಮಾರುವ ಭಂಗಿ ಎಲೆಯ ಸಾರವೂ ಇದೆ. ಅದರಲ್ಲಿ ಟಿಎಚ್‌ಸಿಯೂ ಇರುವುದರಿಂದ ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಭಯ. ಎಷ್ಟು ಮಿಲಿಗ್ರಾಂ ಟಿಎಚ್‌ಸಿ, ಎಷ್ಟು ಸಿಬಿಡಿ ಎಂದು ಚೀಟಿಯಲ್ಲಿ ಬರೆಯದ ಸೀಸೆಯನ್ನು ದಯವಿಟ್ಟು ಮಗುವಿನ ಬಾಯಿಯ ಹತ್ತಿರ ಒಯ್ಯಬೇಡಿ.

ಒಂದು ಹಾಳೆಯಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದುಕೊಟ್ಟೆ: ಮಗುವಿನ ತೂಕ, ಎರಡೂ ಮಾತ್ರೆಗಳ ಪ್ರಮಾಣ, ಕಳೆದ ತಿಂಗಳು ಬಂದ ಸೆಳೆತಗಳ ಸಂಖ್ಯೆ, ಮತ್ತು "ಶುದ್ಧ ಸಿಬಿಡಿ ಇವಳಿಗೆ ಆಗಬಹುದೇ?" ಎಂಬ ಪ್ರಶ್ನೆ. ಮಂಗಳೂರಿನ ನರರೋಗ ವೈದ್ಯರಿಗೆ ಅದನ್ನು ತೋರಿಸಿ ಎಂದೆ.

"ಹಾಗಾದರೆ ಈ ಎಣ್ಣೆ?" ಎಂದರು.

"ಅಡುಗೆಮನೆಯಲ್ಲಿಡಿ, ಚಟ್ನಿಯ ಮೇಲೆ ಹಾಕಿಕೊಳ್ಳಬಹುದು. ಔಷಧದ ಡಬ್ಬಿಯಲ್ಲಿ ಮಾತ್ರ ಇಡಬೇಡಿ."

ಸೀಸೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತದೆ ಹಾಗೆಯೇ ಚೀಲಕ್ಕೆ ಹಾಕಿಕೊಂಡರು. ಕ್ಲೋಬಜಾಮ್ ಸೋಮವಾರಕ್ಕೆ ಮುಗಿಯುತ್ತಿತ್ತು. ವೈದ್ಯರ ಚೀಟಿ ನೋಡಿ ಒಂದು ತಿಂಗಳಿಗಾಗುವಷ್ಟು ಕೊಟ್ಟೆ. ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಅವರು ನಾಲ್ಕು ಗಂಟೆಯ ಬಸ್ಸಿಗೆ ಓಡಿದರು.